ಎ ಮೂರೂವರೆ

ಫಳ್ನೀರಿನ ಎರಡನೇ ಮಾಳಿಗೆಯಲ್ಲಿ
ಹಲ್ಲು ಮಾಡುವುದು ನನ್ನ ಕಸುಬು.
ಕೆಳಗಿನಿಂದ ಡಾಕ್ಟರರು ಬಾಯಿಯ ಅಚ್ಚು ಕಳಿಸುತ್ತಾರೆ,
ಮುಖ ನೋಡದೆಯೇ ನಾನು ನಗು ಕೂರಿಸುತ್ತೇನೆ.

ಮಗಳು ಜೋವಿಟಾ ಒಂದು ಸಂಜೆ
ತೊಟ್ಟೆಯಲ್ಲಿ ನಾಲ್ಕು ಗಪ್ಪಿ ತಂದಳು.
"ಪಪ್ಪಾ, ಇವಕ್ಕೆ ಮನೆ ಬೇಡ್ವಾ?"
ಅಂಗಡಿಯಲ್ಲಿತ್ತು ಮನೆ: ನೀಲಿ ಕೋಟೆ,
ಬಾಯಿ ತೆರೆದು ಮುಚ್ಚುವ ನಿಧಿ ಪೆಟ್ಟಿಗೆ,
ಗುಳ್ಳೆ ಬಿಡುವ ಮುಳುಗುಗಾರ. ಬೆಲೆ ಕೇಳಿ
ಕೈ ಇರುವವನಿಗೆ ಇದೆಲ್ಲ ಯಾಕೆ ಎಂದೆ.

ಮೊದಲು ಪ್ಲಾಸ್ಟರಿನ ಗುಹೆ.
ಅಚ್ಚಿನ ಹಳದಿ ಪುಡಿ, ಎರಡು ರಾತ್ರಿಯ ಕೆತ್ತನೆ,
ಬಾಗಿಲಿಗೆ ಕಮಾನು ಕೂಡ.
ಮೂರನೇ ದಿನ ಗುಹೆ ಕರಗಿ ನೀರೆಲ್ಲ ಗಂಜಿತಿಳಿ.
ಒಂದು ಗಪ್ಪಿ ತೇಲಿ ಬಂತು, ಹೊಟ್ಟೆ ಮೇಲಾಗಿ.
ಇಡೀ ದಿನ ಜೋವಿಟಾ ನನ್ನೊಡನೆ ಮಾತಾಡಲಿಲ್ಲ.

ಆಮೇಲೆ ಗೆರಟೆ.
ನಾರು ಕೆರೆದು, ಒಂದು ಕಣ್ಣನ್ನು ಬಾಗಿಲಷ್ಟು ಹಿಗ್ಗಿಸಿ
ಐರಿನಳ ಸಾರಿನ ಪಾತ್ರೆಯಲ್ಲೇ ಕುದಿಸಿದೆ
(ಬೈಗುಳ ಬೇರೆ ಲೆಕ್ಕ).
ಐದು ನೀರು ಚೆಲ್ಲಿದ್ದರೂ
ಇಳಿಸಿದ್ದೇ ತಡ ಇಡೀ ತೊಟ್ಟಿ ಕಣ್ಣಚಾ.
ಮೀನುಗಳಿಗೆ ಹಿಡಿಸಿತು.

ಒಡೆದ ಹಂಚಿನ ತುಂಡು, ಅದರ ಮೇಲೆ ಉಳಿದ ಎರಡು ಅಕ್ಷರ,
ಸೋಮೇಶ್ವರದ ಕರಿಕಲ್ಲು,
ವಿನೆಗರ್ ಹನಿಸಿದರೆ ನೊರೆ ಬಾರದ್ದು ಮಾತ್ರ.
ಆದರೂ ಒಂದು ಮೂಲೆ ಖಾಲಿ.

ಲ್ಯಾಬಿನ ಕಪಾಟಿನಲ್ಲಿ ಒಂದು ಡಬ್ಬಿ ಇತ್ತು,
ಬೆಂಗ್ರೆಯ ಯಮುನಕ್ಕನದು, ಮೇಲೆ ಕೆಳಗೆ ಪೂರ್ತಿ ಸೆಟ್ಟು.
ಬಣ್ಣ ನೋಡಲು ಡಾಕ್ಟರರು ಅವಳನ್ನೇ ಮೇಲೆ ಕಳಿಸಿದ್ದರು.
ಬುಟ್ಟಿ ಮೆಟ್ಟಿಲ ಬುಡದಲ್ಲಿಟ್ಟು ಏದುಸಿರು ಬಿಡುತ್ತ ಬಂದಳು.
ಬಿಳಿಯಿಂದ ಶುರುಮಾಡಿ ಒಂದೊಂದೇ ಹಿಡಿದು ತೋರಿಸಿದೆ.
"ಇಷ್ಟು ಬಿಳಿ ಬೇಡ ಮಾರಾಯ,
ಎಲೆಯಡಿಕೆ ತಿಂದ ಬಾಯಿಗೆ ಇದು
ಕದ್ದು ತಂದ ಹಲ್ಲಿನ ಹಾಗೆ ಕಾಣ್ತದೆ."
ಎ ಮೂರೂವರೆ ಎಂದು ಬರೆದುಕೊಂಡೆ.
"ಬೂತಾಯಿಯ ಮುಳ್ಳು ಜಗಿಲಿಕ್ಕೆ ಆಗ್ತದಾ?"
ಆಗ್ತದೆ ಎಂದೆ. "ಹಾಗಾದರೆ ಗಟ್ಟಿ ಮಾಡು.
ನಲವತ್ತು ವರ್ಷ ಮಾರಿದ್ದೇನೆ, ಇನ್ನು ಕೂತು ತಿನ್ನಬೇಕು."

ಅವಳು ಬರಲಿಲ್ಲ.
ಚೀಟಿಯಲ್ಲಿದ್ದ ನಂಬರಿಗೆ ಬೇರೆ ಯಾರೋ ಹಲೋ ಅಂದರು.
ಒಮ್ಮೆ ಬಂದರಿನಿಂದ ದೋಣಿ ಹತ್ತಿ ಬೆಂಗ್ರೆಗೆ ಹೋದೆ.
ಯಾವ ಯಮುನಕ್ಕ, ಇಲ್ಲಿ ಐದು ಮಂದಿ ಇದ್ದಾರಲ್ಲ?
ಹಲ್ಲಿಲ್ಲದವಳು ಎಂದೆ.
ನಕ್ಕರು. ಮೂವರಿಗೆ ಇಲ್ಲವಂತೆ.
ಮೂವರನ್ನೂ ನೋಡಿದೆ, ಯಾರೂ ಅವಳಲ್ಲ.
ಮರಳುವಾಗ ದೋಣಿ ಓಲಾಡಿದಂತೆಲ್ಲ
ಜೇಬಿನ ಡಬ್ಬಿ ಕಟಕಟ ಎನ್ನುತ್ತಿತ್ತು.

ಎರಡು ವರ್ಷ ಕಾದದ್ದು ಸಾಕೆನಿಸಿ
ಒಂದು ರಾತ್ರಿ ಅದನ್ನು ಖಾಲಿ ಮೂಲೆಯಲ್ಲಿಟ್ಟೆ,
ಕೆಳದವಡೆ ಮರಳಲ್ಲಿ ಹೂತು, ಮೇಲ್ದವಡೆ ತುಸು ಎತ್ತಿ.
ಐರಿನ್ ಶಿಲುಬೆಯ ಗುರುತು ಮಾಡಿಕೊಂಡಳು.
ಜೋವಿಟಾ ನಕ್ಕು ನಕ್ಕು ನೆಲಕ್ಕೆ ಕೂತಳು.

ತಾಯಿ ಗಪ್ಪಿ ಹೆತ್ತ ಮರಿಗಳನ್ನೇ ತಿನ್ನುತ್ತದೆ
ಎಂದು ನನಗೆ ಗೊತ್ತಿರಲಿಲ್ಲ.
ಒಂದು ಬೆಳಿಗ್ಗೆ ನೋಡಿದರೆ
ದವಡೆಹಲ್ಲಿನ ಸಂದಿಯಲ್ಲಿ ಹನ್ನೊಂದು ಜೊತೆ ಕಣ್ಣು,
ಸಾಸಿವೆಗಿಂತ ಚಿಕ್ಕವು.
ಹೊರಗೆ ತಾಯಿ ಸುತ್ತು ಹಾಕುತ್ತಿದೆ, ಮೂತಿ ಒಳಗೆ ತೂರದೆ.

ಈಗ ಭಾನುವಾರ ಪೂಜೆಯಿಂದ ಬಂದು ನೀರು ಬದಲಿಸುವಾಗ
ಹಳೆ ಬ್ರಷ್ಷಿನಿಂದ ಪಾಚಿ ಉಜ್ಜುತ್ತೇನೆ,
ಮುಂದಿನ ಆರು ಮೊದಲು, ಆಮೇಲೆ ಒಳಬದಿ.
ಪೂರ್ತಿ ಹೋಗುವುದಿಲ್ಲ, ಒಂದು ಹಸುರು ಉಳಿಯುತ್ತದೆ,
ನನ್ನ ಬಣ್ಣದ ಪಟ್ಟಿಯಲ್ಲಿ ಇಲ್ಲದ್ದು.
ಇರಲಿ. ತುಂಬ ಬಿಳಿ ಬೇಡ ಅಂದಿದ್ದಳಲ್ಲ.